ಐದು ಜಾಗ, ಹನ್ನೊಂದು ಜನ: ಕಾನ್ಸಾಸ್ ಸಿಟಿ ಚೀಫ್ಸ್‌ನ 2021ರ ಕ್ಯಾಂಪ್

2021ರ ಸೆಪ್ಟೆಂಬರ್ 12ರಂದು ಅಮೆರಿಕನ್ ಫುಟ್ಬಾಲ್‌ನ ಕಾನ್ಸಾಸ್ ಸಿಟಿ ಚೀಫ್ಸ್ ತಂಡ ತನ್ನ ಆರೋಹೆಡ್ ಮೈದಾನದಲ್ಲಿ ಸೀಸನ್ನಿನ ಮೊದಲ ಪಂದ್ಯಕ್ಕೆ ಇಳಿಯಿತು. ಎದುರಿಗೆ ಕ್ಲೀವ್‌ಲ್ಯಾಂಡ್. ಏಳು ತಿಂಗಳ ಹಿಂದಷ್ಟೇ ಚೀಫ್ಸ್ ಸೂಪರ್ ಬೌಲ್ ಆಡಿತ್ತು. ಆ ಫೈನಲ್‌ನಲ್ಲಿ ಆಫೆನ್ಸಿವ್ ಲೈನ್‌ನಲ್ಲಿ ನಿಂತಿದ್ದ ಐವರಲ್ಲಿ ಒಬ್ಬರೂ ಈಗ ಆ ಸಾಲಿನಲ್ಲಿ ಇರಲಿಲ್ಲ. ಹೊಸ ಐವರಲ್ಲಿ ಮೂವರಿಗೆ ಅದು ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೊಟ್ಟಮೊದಲ ಪಂದ್ಯ.

ಸೋತು ಸುಣ್ಣವಾದ ತಂಡ ಹೀಗೆ ಮಾಡಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದು ಸತತ ಎರಡು ವರ್ಷ ಸೂಪರ್ ಬೌಲ್ ತಲುಪಿದ್ದ ತಂಡ. ಅದರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಪ್ಯಾಟ್ರಿಕ್ ಮಹೋಮ್ಸ್ ಜೊತೆ ಹಿಂದಿನ ವರ್ಷವಷ್ಟೇ ಹತ್ತು ವರ್ಷ, 450 ಮಿಲಿಯನ್ ಡಾಲರ್‌ನ ಒಪ್ಪಂದ ಆಗಿತ್ತು. ಅಷ್ಟು ದುಡ್ಡು ಸುರಿದ ಆಟಗಾರನ ಮುಂದೆ ಯಾರು ನಿಲ್ಲುತ್ತಾರೆ ಅನ್ನೋದು ಆ ಬೇಸಿಗೆ ಪೂರ್ತಿ ಪ್ರಶ್ನೆಯಾಗಿಯೇ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ಹೇಗೆ, ಎಷ್ಟು ಸಿಕ್ಕಿತು ಅಂತ ಇಲ್ಲಿ ನೋಡೋಣ.

ಐವರ ಕೆಲಸ ಏನು

ಅಮೆರಿಕನ್ ಫುಟ್ಬಾಲ್ ಅಷ್ಟಾಗಿ ನೋಡದವರಿಗೆ ಒಂದೆರಡು ಮಾತು. ಚೆಂಡು ಹಿಡಿದ ತಂಡದ ಮುಂದಿನ ಸಾಲಿನಲ್ಲಿ ಐದು ಜನ ದೈತ್ಯರು ನಿಲ್ಲುತ್ತಾರೆ. ನಡುವೆ ಸೆಂಟರ್, ಅವರ ಎಡಬಲಕ್ಕೆ ಗಾರ್ಡ್‌ಗಳು, ಎರಡು ತುದಿಯಲ್ಲಿ ಟ್ಯಾಕಲ್‌ಗಳು. ಸೆಂಟರ್ ಕಾಲುಗಳ ನಡುವಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾರೆ. ಅದೇ ಸ್ನ್ಯಾಪ್. ಮಿಕ್ಕ ನಾಲ್ವರು ಸಾಮಾನ್ಯವಾಗಿ ಚೆಂಡು ಮುಟ್ಟುವುದೇ ಇಲ್ಲ. ಎದುರಾಳಿ ನುಗ್ಗಿ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವದಂತೆ ತಡೆಯೋದು ಒಂದು ಕೆಲಸ, ಓಡುವವನಿಗೆ ದಾರಿ ಬಿಡಿಸೋದು ಇನ್ನೊಂದು.

ಕಬಡ್ಡಿಯಲ್ಲಿ ಚೈನ್ ಹಿಡಿದು ರೈಡರ್‌ನನ್ನು ತಡೆಯೋದು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೇ. ಆದರೆ ಇಲ್ಲಿ ಪಕ್ಕದವನ ಕೈ ಹಿಡಿಯೋ ಹಾಗಿಲ್ಲ. ಪಕ್ಕದವನು ಯಾವ ಕಡೆ ಹೆಜ್ಜೆ ಇಡುತ್ತಾನೆ ಅಂತ ತಿರುಗಿ ನೋಡದೆಯೇ ಗೊತ್ತಿರಬೇಕು. ಎದುರಾಳಿಗಳಿಬ್ಬರು ಓಡುತ್ತಾ ಜಾಗ ಅದಲು ಬದಲು ಮಾಡಿಕೊಂಡರೆ ಟ್ಯಾಕಲ್ ತನ್ನವನನ್ನು ಗಾರ್ಡ್‌ಗೆ ಒಪ್ಪಿಸಿ, ಗಾರ್ಡ್ ಕಡೆಯಿಂದ ಬರುವವನನ್ನು ತಾನು ಹಿಡಿಯಬೇಕು. ಅರ್ಧ ಸೆಕೆಂಡ್ ತಡವಾದರೂ ಕಥೆ ಮುಗೀತು. ಹೀಗಾಗಿ ಐದು ಒಳ್ಳೆಯ ಆಟಗಾರರನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಒಳ್ಳೆಯ ಲೈನ್ ಆಗೋದಿಲ್ಲ. ಅವರು ಜೊತೆಯಾಗಿ ಎಷ್ಟು ಸಲ ಆಡಿದ್ದಾರೆ ಅನ್ನೋದೂ ಅಷ್ಟೇ ಮುಖ್ಯ. ಸೀಸನ್ನಿಗೆ ಮುಂಚಿನ ತರಬೇತಿ ಕ್ಯಾಂಪ್‌ನಲ್ಲಿ ಲೈನ್ ಬಗ್ಗೆ ಗೊಂದಲ ಇದ್ದರೆ ಕೋಚ್‌ಗಳಿಗೆ ನಿದ್ದೆ ಬರದಿರೋದು ಇದಕ್ಕೇ.

ಮುರಿದು ಬಿದ್ದ ಲೈನ್

ಕಥೆ ಶುರುವಾಗೋದು ಹಿಂದಿನ ವರ್ಷದಿಂದ. 2020ರ ಫೆಬ್ರವರಿಯಲ್ಲಿ ಚೀಫ್ಸ್ ಸೂಪರ್ ಬೌಲ್ ಗೆದ್ದಾಗ ಎಡ ತುದಿಯಲ್ಲಿ ಎರಿಕ್ ಫಿಷರ್, ಬಲ ತುದಿಯಲ್ಲಿ ಮಿಚೆಲ್ ಶ್ವಾರ್ಟ್ಜ್ ಇದ್ದರು. ಫಿಷರ್ 2013ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳೋದು) ಎಲ್ಲರಿಗಿಂತ ಮೊದಲು ಆಯ್ಕೆಯಾದವರು. ಶ್ವಾರ್ಟ್ಜ್ 2012ರಲ್ಲಿ ಲೀಗ್‌ಗೆ ಬಂದಾಗಿನಿಂದ 2019ರ ನವೆಂಬರ್‌ವರೆಗೆ 7,894 ಸ್ನ್ಯಾಪ್ ಒಂದನ್ನೂ ಬಿಡದೆ ಆಡಿದವರು. ಬಲ ಗಾರ್ಡ್ ಲೊರಾನ್ ಡುವೆರ್ನೆ-ಟಾರ್ಡಿಫ್ ಓದಿದ ಡಾಕ್ಟರ್.

ಆಮೇಲೆ ಕೊರೊನಾ ಬಂತು. ಡುವೆರ್ನೆ-ಟಾರ್ಡಿಫ್ 2020ರ ಸೀಸನ್ ಬಿಟ್ಟು ಕೆನಡಾದ ಕ್ವಿಬೆಕ್‌ನಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ನಿಂತರು. ಆ ವರ್ಷವಷ್ಟೇ ಮೂರನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಟ್ಯಾಕಲ್ ಲೂಕಸ್ ನ್ಯಾಂಗ್ ಕೂಡ ಆಡೋದಿಲ್ಲ ಅಂದರು. ಸೀಸನ್ ಶುರುವಾಗಿ ಐದನೇ ವಾರಕ್ಕೆ ಎಡ ಗಾರ್ಡ್ ಕೆಲೆಚಿ ಒಸೆಮೆಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಆರನೇ ವಾರಕ್ಕೆ ಶ್ವಾರ್ಟ್ಜ್ ಬೆನ್ನು ಹಿಡಿಯಿತು. ಅವರು ಮತ್ತೆ ಎಂದೂ ಆಡಲಿಲ್ಲ. ಕೊನೆಗೆ 2021ರ ಜನವರಿ 24ರಂದು, ಬಫಲೊ ಎದುರಿನ ಸೆಮಿಫೈನಲ್‌ನಂಥ ಪಂದ್ಯದಲ್ಲಿ ಫಿಷರ್ ಹಿಮ್ಮಡಿಯ ನರ ಹರಿದುಕೊಂಡರು.

ಎರಡು ವಾರದ ನಂತರ, ಫೆಬ್ರವರಿ 7ರಂದು ಟ್ಯಾಂಪಾದಲ್ಲಿ ಸೂಪರ್ ಬೌಲ್. ಎಡದಿಂದ ಬಲಕ್ಕೆ ಮೈಕ್ ರೆಮ್ಮರ್ಸ್, ನಿಕ್ ಅಲೆಗ್ರೆಟ್ಟಿ, ಆಸ್ಟಿನ್ ರೈಟರ್, ಸ್ಟೆಫೆನ್ ವಿಸ್ನಿಯೆವ್ಸ್ಕಿ, ಆಂಡ್ರ್ಯೂ ವೈಲಿ. ಬಲ ಟ್ಯಾಕಲ್ ಆಗಿದ್ದ ರೆಮ್ಮರ್ಸ್ ಎಡಕ್ಕೆ ಬಂದಿದ್ದರು, ಗಾರ್ಡ್ ಆಗಿದ್ದ ವೈಲಿ ಬಲ ಟ್ಯಾಕಲ್ ಆಗಿದ್ದರು. ಇದ್ದ ಬಟ್ಟೆಯಲ್ಲೇ ತೇಪೆ ಹಾಕಿದ ಹಾಗಿತ್ತು.

ಟ್ಯಾಂಪಾ ಬೇ ತಂಡಕ್ಕೆ ಹೆಚ್ಚು ಜನರನ್ನು ನುಗ್ಗಿಸುವ ಅಗತ್ಯವೇ ಬೀಳಲಿಲ್ಲ. ಬಹುತೇಕ ನಾಲ್ಕೇ ಜನ ಸಾಕಾದರು. ಮಹೋಮ್ಸ್ ಪಾಸ್ ಎಸೆಯಲು ಹಿಂದೆ ಸರಿದ 56 ಸಲದಲ್ಲಿ 29 ಸಲ ಎದುರಾಳಿ ಮೈಮೇಲೆ ಬಂದಾಗಿತ್ತು. ಸೂಪರ್ ಬೌಲ್ ಇತಿಹಾಸದಲ್ಲಿ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಅಷ್ಟು ಒತ್ತಡ ಕಂಡಿರಲಿಲ್ಲ. ಎಡಗಾಲಿನ ಹೆಬ್ಬೆರಳಿಗೆ ಮೊದಲೇ ಪೆಟ್ಟು. ಆ ಕಾಲಲ್ಲೇ ಅವರು ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ ಓಡಿದರು. ನೆಲಕ್ಕೆ ಬೀಳುತ್ತಾ, ಮೈ ಅಡ್ಡವಾಗಿರುವಾಗಲೂ ಚೆಂಡು ಎಸೆದರು. 31-9ರಿಂದ ಸೋಲು. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸೋದು) ಒಂದೂ ಇಲ್ಲ. ಭಾರತದಲ್ಲಿ ಸೋಮವಾರ ಬೆಳಗಿನ ಜಾವ ಐದಕ್ಕೆ ಅಲಾರಂ ಇಟ್ಟು ಎದ್ದವರಿಗೆ ಕಾಫಿ ಆರುವ ಮುಂಚೆಯೇ ಗೊತ್ತಾಗಿರಬೇಕು, ಇವತ್ತು ಆಗೋ ಕೆಲಸ ಅಲ್ಲ ಅಂತ.

ಹಳಬರನ್ನು ಕಳಿಸಿದ ನಿರ್ಧಾರ

ಮಾರ್ಚ್ 11ರಂದು ಚೀಫ್ಸ್ ಒಂದೇ ದಿನ ಫಿಷರ್, ಶ್ವಾರ್ಟ್ಜ್ ಇಬ್ಬರನ್ನೂ ಬಿಟ್ಟುಬಿಟ್ಟಿತು. ಹೊರಗಿನವರಿಗೆ ಇದು ನಿರ್ದಯ ಅನ್ನಿಸಿತು. ಲೆಕ್ಕ ನೋಡಿದರೆ ಬೇರೆ ದಾರಿ ಕಡಿಮೆ. ಕೊರೊನಾದಿಂದ ಲೀಗ್‌ನ ಆದಾಯ ಕುಸಿದು, ಪ್ರತಿ ತಂಡದ ಸ್ಯಾಲರಿ ಕ್ಯಾಪ್ (ಆಟಗಾರರ ಒಟ್ಟು ಸಂಬಳದ ಮಿತಿ) 198.2 ಮಿಲಿಯನ್‌ನಿಂದ 182.5 ಮಿಲಿಯನ್ ಡಾಲರ್‌ಗೆ ಇಳಿದಿತ್ತು. ಇಬ್ಬರನ್ನೂ ಬಿಟ್ಟರೆ ಸುಮಾರು 18 ಮಿಲಿಯನ್ ಉಳಿಯುತ್ತಿತ್ತು. ಒಬ್ಬರಿಗೆ ಹಿಮ್ಮಡಿ, ಇನ್ನೊಬ್ಬರಿಗೆ ಬೆನ್ನು. ಮೊದಲ ಪಂದ್ಯದ ಹೊತ್ತಿಗೆ ಇಬ್ಬರಲ್ಲಿ ಯಾರು ಸಿದ್ಧ ಅಂತ ಹೇಳೋಕೆ ಡಾಕ್ಟರಿಗೂ ಆಗುತ್ತಿರಲಿಲ್ಲ.

ಇಲ್ಲಿ ಜನರಲ್ ಮ್ಯಾನೇಜರ್ ಬ್ರೆಟ್ ವೀಚ್ ಮಾಡಿದ್ದನ್ನು ಗಮನಿಸಬೇಕು. ಅವರು ಒಬ್ಬ ದೊಡ್ಡ ಹೆಸರಿಗೆ ಕಾದು ಕೂರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಟ್ರೆಂಟ್ ವಿಲಿಯಮ್ಸ್ ಅವರನ್ನು ತರೋಕೆ ಕೊನೆಯ ಗಳಿಗೆವರೆಗೆ ಪ್ರಯತ್ನಿಸಿದ್ದು ನಿಜ. ವಿಲಿಯಮ್ಸ್ ಆರು ವರ್ಷಕ್ಕೆ 138 ಮಿಲಿಯನ್ ಡಾಲರ್ ಒಪ್ಪಿ ಅಲ್ಲೇ ಉಳಿದರು. ಅಷ್ಟರಲ್ಲಿ ಚೀಫ್ಸ್ ನ್ಯೂ ಇಂಗ್ಲೆಂಡ್‌ನ ಎಡ ಗಾರ್ಡ್ ಜೋ ಥೂನಿಗೆ ಐದು ವರ್ಷಕ್ಕೆ 80 ಮಿಲಿಯನ್ ಕೊಟ್ಟಾಗಿತ್ತು. ನಿವೃತ್ತಿಯಾಗಿದ್ದ ಕೈಲ್ ಲಾಂಗ್ ಅವರನ್ನು ವಾಪಸ್ ಕರೆತಂದಿತು. ರ‍್ಯಾಮ್ಸ್‌ನಿಂದ ಸೆಂಟರ್ ಆಸ್ಟಿನ್ ಬ್ಲೈತ್ ಬಂದರು. ರೆಮ್ಮರ್ಸ್ ಉಳಿದುಕೊಂಡರು. ಡುವೆರ್ನೆ-ಟಾರ್ಡಿಫ್, ನ್ಯಾಂಗ್ ಇಬ್ಬರೂ ವಾಪಸ್ ಬರುವವರಿದ್ದರು.

ಎಡ ಟ್ಯಾಕಲ್ ಮಾತ್ರ ಖಾಲಿ. ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿದಾಗ ಅವನ ಬೆನ್ನು ಇರೋದು ಎಡಕ್ಕೆ. ಬೆನ್ನ ಹಿಂದಿನ ಕಾವಲು ಅದು. ಏಪ್ರಿಲ್ 23ರಂದು, ಡ್ರಾಫ್ಟ್‌ಗೆ ಇನ್ನೊಂದು ವಾರ ಇರುವಾಗ ಬಾಲ್ಟಿಮೋರ್ ಜೊತೆ ವ್ಯವಹಾರ ಕುದುರಿತು. ಚೀಫ್ಸ್ ತನ್ನ ಮೊದಲ ಸುತ್ತಿನ 31ನೇ ಆಯ್ಕೆಯ ಜೊತೆ ಇನ್ನೂ ಕೆಲವು ಆಯ್ಕೆಗಳನ್ನು ಕೊಟ್ಟು ಒರ್ಲ್ಯಾಂಡೊ ಬ್ರೌನ್ ಜೂನಿಯರ್ ಅವರನ್ನು ತಂದಿತು. ಜೊತೆಗೆ ಎರಡನೇ ಸುತ್ತಿನ ಒಂದು ಆಯ್ಕೆ ಬಾಲ್ಟಿಮೋರ್‌ನಿಂದ ವಾಪಸ್ ಬಂತು.

ಬ್ರೌನ್ ಕಥೆಯೇ ಬೇರೆ. ಆರು ಅಡಿ ಎಂಟು ಅಂಗುಲದ ಆಳು. 2018ರಲ್ಲಿ ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ 40 ಗಜ ಓಡಲು 5.85 ಸೆಕೆಂಡ್ ತೆಗೆದುಕೊಂಡಾಗ ಎಲ್ಲರೂ ನಕ್ಕಿದ್ದರು. ಮೂರನೇ ಸುತ್ತಿಗೆ ಜಾರಿದರು. ಬಾಲ್ಟಿಮೋರ್‌ನಲ್ಲಿ ಬಲ ಟ್ಯಾಕಲ್ ಆಗಿ ಹೆಸರು ಮಾಡಿದರು. 2020ರಲ್ಲಿ ಅಲ್ಲಿನ ಎಡ ಟ್ಯಾಕಲ್‌ಗೆ ಗಾಯವಾದಾಗ ಆ ಕಡೆ ಆಡಿದರು, ಚೆನ್ನಾಗೇ ಆಡಿದರು. ಆಮೇಲೆ ಪಟ್ಟು ಹಿಡಿದರು: ಆಡಿದರೆ ಎಡ ಟ್ಯಾಕಲ್ ಮಾತ್ರ. ಅವರ ಅಪ್ಪ, ತೀರಿಕೊಂಡ ಒರ್ಲ್ಯಾಂಡೊ ಬ್ರೌನ್, ಇದೇ ಲೀಗ್‌ನಲ್ಲಿ ಬಲ ಟ್ಯಾಕಲ್ ಆಗಿದ್ದವರು. ಮಗ ಎಡ ಟ್ಯಾಕಲ್ ಆಗಬೇಕು ಅನ್ನೋದು ಅಪ್ಪನ ಆಸೆ.

ಡ್ರಾಫ್ಟ್‌ನಲ್ಲಿ 63ನೇ ಆಯ್ಕೆಯಾಗಿ ಒಕ್ಲಹೋಮಾದ ಸೆಂಟರ್ ಕ್ರೀಡ್ ಹಂಫ್ರಿ, 226ನೇ ಆಯ್ಕೆಯಾಗಿ ಟೆನ್ನೆಸಿಯ ಗಾರ್ಡ್ ಟ್ರೇ ಸ್ಮಿತ್ ಬಂದರು. ಸ್ಮಿತ್ ಪ್ರತಿಭೆಗೆ ಅಷ್ಟು ಕೆಳಗೆ ಹೋಗುವ ಆಟಗಾರ ಅಲ್ಲ. ಕಾಲೇಜಿನಲ್ಲಿದ್ದಾಗ 2018ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಕಾರಣಕ್ಕೆ ತಂಡಗಳು ಹಿಂದೆ ಸರಿದವು.

ವೈಲಿ, ಅಲೆಗ್ರೆಟ್ಟಿ ಹೇಗೂ ಇದ್ದರು. ಲೆಕ್ಕ ಹಾಕಿ: ಬ್ರೌನ್, ಥೂನಿ, ಹಂಫ್ರಿ, ಬ್ಲೈತ್, ಸ್ಮಿತ್, ಡುವೆರ್ನೆ-ಟಾರ್ಡಿಫ್, ಲಾಂಗ್, ನ್ಯಾಂಗ್, ರೆಮ್ಮರ್ಸ್, ವೈಲಿ, ಅಲೆಗ್ರೆಟ್ಟಿ. ಐದು ಜಾಗಕ್ಕೆ ಹನ್ನೊಂದು ಜನ. ಇದರಲ್ಲಿ ಗಟ್ಟಿಯಾಗಿದ್ದದ್ದು ಎಡಗಡೆಯ ಎರಡು ಜಾಗ ಮಾತ್ರ.

ಸೇಂಟ್ ಜೋಸೆಫ್‌ನ ಬಿಸಿಲಲ್ಲಿ

ಚೀಫ್ಸ್ ಕ್ಯಾಂಪ್ ನಡೆಯೋದು ಕಾನ್ಸಾಸ್ ಸಿಟಿಯ ಉತ್ತರಕ್ಕೆ, ಸುಮಾರು ಒಂದು ಗಂಟೆ ದಾರಿಯ ಸೇಂಟ್ ಜೋಸೆಫ್ ಊರಿನ ಮಿಸೌರಿ ವೆಸ್ಟರ್ನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ. 2020ರಲ್ಲಿ ಕೊರೊನಾ ಕಾರಣ ಅಲ್ಲಿಗೆ ಹೋಗಿರಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ಶುರು. ಜುಲೈ ಕೊನೆಯ ಸೆಕೆ, ಜೊತೆಗೆ ಹುಲ್ಲಿನ ಇಳಿಜಾರಿನಲ್ಲಿ ಕೂತು ನೋಡುವ ಜನ.

ಆಫೆನ್ಸಿವ್ ಲೈನ್‌ನ ಮಟ್ಟಿಗೆ ಕ್ಯಾಂಪ್‌ನ ಮೊದಲ ಕೆಲವು ದಿನ ನಂಬುವ ಹಾಗಿಲ್ಲ. ನಿಯಮದ ಪ್ರಕಾರ ಆಗ ಪ್ಯಾಡ್ ಹಾಕುವಂತಿಲ್ಲ. ಪೂರ್ತಿ ಬಲ ಹಾಕಿ ಗುದ್ದುವಂತಿಲ್ಲ. ಪ್ಯಾಡ್ ಇಲ್ಲದೆ ತಳ್ಳಾಟ ಇಲ್ಲ, ತಳ್ಳಾಟ ಇಲ್ಲದೆ ಲೈನ್ ಆಟಗಾರನ ನಿಜರೂಪ ಗೊತ್ತಾಗೋದಿಲ್ಲ. ಪಾಸ್ ಹಿಡಿಯುವ ರಿಸೀವರ್ ಚೆನ್ನಾಗಿ ಓಡಿದರೆ ಮೊದಲ ದಿನವೇ ಕಾಣುತ್ತೆ. ಗಾರ್ಡ್ ಒಬ್ಬನ ಸೊಂಟದ ಗಟ್ಟಿತನ ಪ್ಯಾಡ್ ಬಂದ ಮೇಲೆ ಮಾತ್ರ ಕಾಣೋದು. ಅದರ ಮೇಲೆ ಆ ವರ್ಷದಿಂದ ಪ್ರೀಸೀಸನ್ (ಸೀಸನ್ನಿಗೆ ಮುಂಚಿನ ಅಭ್ಯಾಸ) ಪಂದ್ಯಗಳೂ ನಾಲ್ಕರಿಂದ ಮೂರಕ್ಕೆ ಇಳಿದಿದ್ದವು. ಹೊಸ ಲೈನ್ ಕಟ್ಟುವ ತಂಡಕ್ಕೆ ಇದು ಒಳ್ಳೆಯ ಸುದ್ದಿ ಅಲ್ಲ.

ಸರಿ, ಹನ್ನೊಂದು ಜನರಲ್ಲಿ ಯಾರು? ಕ್ಯಾಂಪ್ ಅಂದರೆ ಕೋಚ್ ಹೋಲಿಸಿ ನೋಡಿ ಆಯ್ಕೆ ಮಾಡುವ ಜಾಗ ಅಂತ ನಾವು ಅಂದುಕೊಳ್ಳುತ್ತೇವೆ. ಈ ಪ್ರಕರಣದಲ್ಲಿ ಅರ್ಧ ಆಯ್ಕೆ ಮಾಡಿದ್ದು ಗಾಯಗಳು. ಕೈಲ್ ಲಾಂಗ್ ಕ್ಯಾಂಪ್‌ಗೆ ಮುಂಚೆಯೇ ಜೂನ್‌ನ ಅಭ್ಯಾಸದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡರು. ಆ ಸೀಸನ್ ಒಂದು ಪಂದ್ಯವನ್ನೂ ಆಡಲಿಲ್ಲ. ಆಗಸ್ಟ್ ಮೊದಲಲ್ಲಿ ಡುವೆರ್ನೆ-ಟಾರ್ಡಿಫ್ ಕೈ ಮುರಿದುಕೊಂಡರು. ರೆಮ್ಮರ್ಸ್‌ಗೆ ಬೆನ್ನು ನೋವು. ಅನುಭವ ಅಂತ ತಂದಿಟ್ಟುಕೊಂಡಿದ್ದವರೇ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು.

ಹಾಗಂತ ಸ್ಮಿತ್‌ಗೆ ಜಾಗ ಸಿಕ್ಕಿದ್ದು ಅದೃಷ್ಟದಿಂದ ಅನ್ನೋದು ತಪ್ಪು. ಡುವೆರ್ನೆ-ಟಾರ್ಡಿಫ್ ಕೈ ಮುರಿಯುವ ಮುಂಚೆಯೇ ಆರನೇ ಸುತ್ತಿನ ಈ ಹುಡುಗ ಮೊದಲ ತಂಡದ ಜೊತೆ ಬಲ ಗಾರ್ಡ್ ಆಗಿ ನಿಲ್ಲುತ್ತಿದ್ದರು. ಸೂಪರ್ ಬೌಲ್ ಗೆದ್ದ, ಅನುಭವಿ ಆಟಗಾರ ಎರಡನೇ ಸಾಲಿನಲ್ಲಿ, 226ನೇ ಆಯ್ಕೆಯ ರೂಕಿ (ಮೊದಲ ವರ್ಷದ ಆಟಗಾರ) ಮೊದಲ ಸಾಲಿನಲ್ಲಿ. ಇದನ್ನು ಮಾಡೋಕೆ ಧೈರ್ಯ ಬೇಕು. ಹೆಡ್ ಕೋಚ್ ಆಂಡಿ ರೀಡ್ ಕಾಲೇಜಿನಲ್ಲಿ ಇದೇ ಜಾಗದಲ್ಲಿ ಆಡಿದವರು, ಕೋಚಿಂಗ್ ಶುರು ಮಾಡಿದ್ದೂ ಆಫೆನ್ಸಿವ್ ಲೈನ್‌ನಿಂದ. ಲೈನ್ ಕೋಚ್ ಆಂಡಿ ಹೆಕ್ ಕೂಡ ಹಿಂದೆ ಟ್ಯಾಕಲ್. ಗಾರ್ಡ್ ಒಬ್ಬನನ್ನು ಕಣ್ಣಳತೆಯಲ್ಲೇ ಅಳೆಯುವವರು ಇಬ್ಬರೂ. ಹೆಸರು, ಸಂಬಳ ನೋಡಿ ಆಡಿಸಿದ್ದರೆ ಸ್ಮಿತ್ ಆ ವರ್ಷ ಬೆಂಚ್ ಕಾಯಬೇಕಿತ್ತು.

ಸೆಂಟರ್ ಜಾಗದ್ದೂ ಇದೇ ಕಥೆ, ಸದ್ದು ಕಡಿಮೆ ಅಷ್ಟೇ. ಬ್ಲೈತ್ ಬಂದಾಗ ಅವರೇ ಸೆಂಟರ್ ಅಂತ ಎಲ್ಲರ ಲೆಕ್ಕ. ಹಂಫ್ರಿ ಜಾಗ ಹಿಡಿದರು, ಬಿಡಲೇ ಇಲ್ಲ. ಇಲ್ಲೊಂದು ಸಣ್ಣ ತಮಾಷೆ ಇದೆ. ಹಂಫ್ರಿ ಎಡಗೈಯವರು, ಸ್ನ್ಯಾಪ್ ಕೊಡೋದೂ ಎಡಗೈಯಲ್ಲಿ. ಬಲಗೈ ಸೆಂಟರ್‌ಗೆ ಒಗ್ಗಿಹೋದ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಉಲ್ಟಾ ತಿರುಗುತ್ತಾ ಬರುತ್ತೆ. ಬೆರಳು ಹೊಲಿಗೆ ಹುಡುಕೋ ಅಭ್ಯಾಸವೇ ಬದಲಾಗಬೇಕು. ಪ್ರತಿ ಆಟವೂ ಅಲ್ಲಿಂದಲೇ ಶುರುವಾಗೋದು ಅಲ್ವಾ? ಹಾಗಾಗಿ ಸೆಂಟರ್ ಯಾರು ಅಂತ ಬೇಗ ತೀರ್ಮಾನ ಆಗಿದ್ದು ಬರೀ ಲೈನ್‌ಗೆ ಅಲ್ಲ, ಮಹೋಮ್ಸ್‌ಗೂ ಅನುಕೂಲ. ನಡುವಿನ ಮೂವರು ಬದಲಾಗದೆ ಜೊತೆಗೇ ಅಭ್ಯಾಸ ಮಾಡಿದರು.

ನನ್ನ ಪ್ರಕಾರ ಇಡೀ ಕ್ಯಾಂಪ್‌ನ ಗುಟ್ಟು ಇದೇ. ಚೀಫ್ಸ್ ಐದು ಪ್ರಶ್ನೆಗಳನ್ನು ಸೆಪ್ಟೆಂಬರ್‌ವರೆಗೆ ಎಳೆಯಲಿಲ್ಲ. ನಾಲ್ಕಕ್ಕೆ ಬೇಗ ಉತ್ತರ ಹುಡುಕಿ, ಗೊಂದಲವನ್ನೆಲ್ಲ ಬಲ ಟ್ಯಾಕಲ್ ಅನ್ನೋ ಒಂದೇ ಮೂಲೆಗೆ ತಳ್ಳಿತು. ದಿನಕ್ಕೊಂದು ಜೋಡಿ ಬದಲಾಯಿಸಿ ಎಲ್ಲರಿಗೂ ಅವಕಾಶ ಕೊಡೋದು ಕೇಳೋಕೆ ನ್ಯಾಯವಾಗಿ ಕಾಣುತ್ತೆ. ಆದರೆ ಹಾಗೆ ಮಾಡಿದರೆ ಯಾವ ಇಬ್ಬರಿಗೂ ಪರಸ್ಪರ ಅಭ್ಯಾಸ ಆಗೋದಿಲ್ಲ. ಪತ್ರಿಕೆಗಳು ಆ ಬೇಸಿಗೆ ಬ್ರೌನ್ ಬಗ್ಗೆ ಬರೆದದ್ದೇ ಜಾಸ್ತಿ. ಲೈನ್ ನಿಂತಿದ್ದು ಮಾತ್ರ ನಡುವಿನ ಮೂವರ ಮೇಲೆ.

ಎರಡು ತುದಿಗಳು

ಬ್ರೌನ್ ಜಾಗ ಖಚಿತವಾಗಿತ್ತು, ಆಟ ಖಚಿತವಾಗಿರಲಿಲ್ಲ. ಬಾಲ್ಟಿಮೋರ್‌ನಲ್ಲಿ ಅವರು ಆಡಿದ್ದು ಲಮಾರ್ ಜಾಕ್ಸನ್ ಮುಂದೆ, ಹೆಚ್ಚು ಓಡುವ ತಂಡದಲ್ಲಿ. ಮುಂದಕ್ಕೆ ನುಗ್ಗಿ ಎದುರಾಳಿಯನ್ನು ತಳ್ಳೋದು ಅವರ ಬಲ. ಚೀಫ್ಸ್‌ನಲ್ಲಿ ಪಾಸ್ ಜಾಸ್ತಿ. ಟ್ಯಾಕಲ್ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಬದಿಯಿಂದ ಸುತ್ತಿ ಬರುವವನನ್ನು ಎದುರಿಸಬೇಕು. ಅದೂ ಮಹೋಮ್ಸ್‌ಗೆ ತುಂಬಾ ಹಿಂದೆ ಸರಿಯುವ ಚಾಳಿ. ಕ್ವಾರ್ಟರ್‌ಬ್ಯಾಕ್ ಎರಡು ಗಜ ಜಾಸ್ತಿ ಹಿಂದೆ ಹೋದರೆ, ಟ್ಯಾಕಲ್ ಸರಿಯಾಗಿ ಹೊರಗೆ ತಳ್ಳಿದ ಎದುರಾಳಿ ನೇರ ಹೋಗಿ ಅವನನ್ನೇ ಹಿಡಿಯುತ್ತಾನೆ. ಟಿವಿಯಲ್ಲಿ ನೋಡುವವರು ಬೈಯೋದು ಮಾತ್ರ ಟ್ಯಾಕಲ್‌ಗೆ.

ಆ ಕ್ಯಾಂಪ್‌ನಲ್ಲಿ ಇನ್ನೊಂದು ಬದಲಾವಣೆ ಇತ್ತು. ನಡುವೆ ಆಡುತ್ತಿದ್ದ ಡಿಫೆನ್ಸ್‌ನ ದೊಡ್ಡ ಹೆಸರು ಕ್ರಿಸ್ ಜೋನ್ಸ್ ಅವರನ್ನು ಅಂಚಿಗೆ ಸರಿಸಿ ಆಡಿಸಿ ನೋಡುತ್ತಿದ್ದರು. ಅಂದರೆ ಟ್ಯಾಕಲ್‌ಗಳಿಗೆ ಅಭ್ಯಾಸದಲ್ಲೇ ಲೀಗ್‌ನ ಅತಿ ಕಷ್ಟದ ಎದುರಾಳಿಗಳಲ್ಲಿ ಒಬ್ಬರು. ಇಬ್ಬರೇ ಎದುರುಬದುರು ನಿಲ್ಲುವ ಆ ಅಭ್ಯಾಸದಲ್ಲಿ ಸಹಾಯಕ್ಕೆ ಪಕ್ಕದಲ್ಲಿ ಗಾರ್ಡ್ ಇರೋದಿಲ್ಲ, ಚೆಂಡು ಬೇಗ ಕೈಬಿಡುವ ಕ್ವಾರ್ಟರ್‌ಬ್ಯಾಕ್ ಕೂಡ ಇರೋದಿಲ್ಲ. ಟ್ಯಾಕಲ್ ಸೋಲೋದೇ ಜಾಸ್ತಿ. ಅದನ್ನು ನೋಡಿ ಟ್ವಿಟರ್‌ನಲ್ಲಿ ಗಾಬರಿ ಬೀಳೋದು ಪ್ರತಿ ವರ್ಷದ ಸಂಪ್ರದಾಯ.

ಬಲ ತುದಿಯಲ್ಲಿ ನ್ಯಾಂಗ್. 2019ರ ನಂತರ ಒಂದು ನಿಜವಾದ ಪಂದ್ಯವನ್ನೂ ಆಡದವರು. ರೆಮ್ಮರ್ಸ್ ಗಟ್ಟಿಯಾಗಿದ್ದಿದ್ದರೆ ಬಹುಶಃ ಅವರೇ ನಿಲ್ಲುತ್ತಿದ್ದರು. ಬೆನ್ನು ನೋವು ನ್ಯಾಂಗ್‌ಗೆ ಬಾಗಿಲು ತೆರೆಯಿತು. ಆಗಸ್ಟ್ 14ರಂದು ಸ್ಯಾನ್ ಫ್ರಾನ್ಸಿಸ್ಕೊ ಎದುರು ಮೊದಲ ಪ್ರೀಸೀಸನ್ ಪಂದ್ಯ ಶುರುವಾದಾಗ ಸಾಲಿನಲ್ಲಿ ಬ್ರೌನ್, ಥೂನಿ, ಹಂಫ್ರಿ, ಸ್ಮಿತ್, ನ್ಯಾಂಗ್. ಮಹೋಮ್ಸ್ ಇದ್ದದ್ದು ಸ್ವಲ್ಪ ಹೊತ್ತು. ತಿಂಗಳು ಕಳೆದು ಕ್ಲೀವ್‌ಲ್ಯಾಂಡ್ ಎದುರು ನಿಂತಿದ್ದೂ ಅದೇ ಐವರು.

ಪಂದ್ಯಗಳು ಹೇಳಿದ್ದು

ಮೊದಲ ಪಂದ್ಯ 33-29ರಿಂದ ಗೆದ್ದರು. ಅರ್ಧದಲ್ಲಿ 22-10 ಹಿಂದಿದ್ದು ಗೆದ್ದದ್ದು. ಎರಡನೇ ವಾರ ಬಾಲ್ಟಿಮೋರ್‌ನಲ್ಲಿ 36-35 ಸೋಲು. ವಿಧಿ ನೋಡಿ: ಪಂದ್ಯದ ಕೊನೆಯಲ್ಲಿ ಚೀಫ್ಸ್ ಓಟಗಾರನ ಕೈಯಿಂದ ಚೆಂಡು ಕೆಡವಿ ತಾನೇ ಹಿಡಿದು ಆಟ ಮುಗಿಸಿದ್ದು ಒಡಾಫೆ ಓವೆ. ಬ್ರೌನ್‌ಗಾಗಿ ಕೊಟ್ಟಿದ್ದ 31ನೇ ಆಯ್ಕೆಯಲ್ಲಿ ಬಾಲ್ಟಿಮೋರ್ ತಂದಿದ್ದ ಹುಡುಗ.

ಏಳು ಪಂದ್ಯಕ್ಕೆ ಮೂರು ಗೆಲುವು, ನಾಲ್ಕು ಸೋಲು. ಅಕ್ಟೋಬರ್ 24ರಂದು ಟೆನ್ನೆಸಿ ಎದುರು 27-3 ಸೋಲು. ಲೈನ್ ಬಗ್ಗೆ ಮತ್ತೆ ಕೂಗು ಎದ್ದಿತು. ಪೂರ್ತಿ ಸರಿಯಾದ ಕೂಗಲ್ಲ. ಡಿಫೆನ್ಸ್ ಸೋರುತ್ತಿತ್ತು, ಚೆಂಡು ಕೈಜಾರಿ ಹೋಗೋದು ಜಾಸ್ತಿಯಾಗಿತ್ತು. ಆದರೆ ತುದಿಗಳು ಒದ್ದಾಡುತ್ತಿದ್ದದ್ದು ನಿಜ. ಅದೇ ಅಕ್ಟೋಬರ್‌ನಲ್ಲಿ ಥೂನಿ ಕೈಯ ಮೂಳೆ ಮುರಿದುಕೊಂಡರು. ಮುಂದಿನ ಪಂದ್ಯಕ್ಕೆ ಕೈಗೆ ದಪ್ಪ ಪಟ್ಟಿ ಸುತ್ತಿಕೊಂಡು ಬಂದು ನಿಂತರು. ಒಂದು ಕೈಯಲ್ಲೇ ಗಾರ್ಡ್ ಕೆಲಸ. 80 ಮಿಲಿಯನ್ ಜಾಸ್ತಿ ಅಂದವರು ಅಲ್ಲಿಗೆ ಸುಮ್ಮನಾದರು.

ಆಮೇಲೆ ಸತತ ಎಂಟು ಗೆಲುವು. ಒಟ್ಟು 12-5. ಬ್ರೌನ್ ಲೀಗ್‌ನ ಉತ್ತಮ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದರು. ನವೆಂಬರ್ 2ರಂದೇ ಡುವೆರ್ನೆ-ಟಾರ್ಡಿಫ್ ಅವರನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟು ಬದಲಿಗೆ ಟೈಟ್ ಎಂಡ್ ಜಾಗದ ಒಬ್ಬ ಆಟಗಾರನನ್ನು ತಂದರು. ಗಾರ್ಡ್ ಜಾಗದ ಪ್ರಶ್ನೆ ಮುಗಿದಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಲ ಟ್ಯಾಕಲ್ ಪ್ರಶ್ನೆ ಮಾತ್ರ ಮುಗಿಯಲೇ ಇಲ್ಲ. ನ್ಯಾಂಗ್, ರೆಮ್ಮರ್ಸ್, ವೈಲಿ, ಹೀಗೆ ಕೈ ಬದಲಾಯಿತು. 2022ರ ಜನವರಿ 2ರಂದು ಸಿನ್ಸಿನಾಟಿ ಎದುರು ನ್ಯಾಂಗ್ ಮಂಡಿಚಿಪ್ಪಿನ ಕೆಳಗಿನ ನರ ಹರಿದುಕೊಂಡರು. ವೈಲಿ ಬಂದರು. ಅದೇ ಸಿನ್ಸಿನಾಟಿ ಎದುರು ಜನವರಿ 30ರಂದು ಮತ್ತೆ ಸೂಪರ್ ಬೌಲ್‌ಗೆ ಮುಂಚಿನ ಪಂದ್ಯ. ಗೋಲ್ ಗೆರೆಯ ಹತ್ತಿರ ಬಂದು ನಿಂತಿದ್ದ ಚೀಫ್ಸ್‌ಗೆ ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಆದರೆ ಗೆಲುವು. ಸ್ಯಾಮ್ ಹಬ್ಬರ್ಡ್ ಸಾಲಾಗಿ ಎರಡು ಸಲ ಮಹೋಮ್ಸ್‌ರನ್ನು ಕೆಡವಿದರು. ಎರಡನೇ ಸಲ ಚೆಂಡೂ ಜಾರಿತು. ಅದರ ಮೇಲೆ ಬಿದ್ದು ಉಳಿಸಿದ್ದು ಥೂನಿ. ಕಿಕ್‌ನಿಂದ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 27-24 ಸೋತರು. ಹಬ್ಬರ್ಡ್ ಮಾಡಿದ್ದನ್ನು ಬರೀ ಲೈನ್ ತಲೆಗೆ ಕಟ್ಟೋದು ನನಗೆ ಒಪ್ಪಿಗೆಯಿಲ್ಲ. ಮಹೋಮ್ಸ್ ಚೆಂಡನ್ನು ಬಹಳ ಹೊತ್ತು ಹಿಡಿದಿದ್ದರು. ಸಿನ್ಸಿನಾಟಿ ಎಂಟು ಜನರನ್ನು ಹಿಂದೆ ಇಟ್ಟು ಎಸೆಯಲು ಜಾಗವೇ ಕೊಡುತ್ತಿರಲಿಲ್ಲ.

ಮುಂದಿನ ಕ್ಯಾಂಪ್‌ಗಳು

2022ರ ಬೇಸಿಗೆಯ ಅನಿಶ್ಚಿತತೆ ಬೇರೆ ಥರದ್ದು. ಆಟದ್ದಲ್ಲ, ದುಡ್ಡಿನದು. ಆರು ವರ್ಷಕ್ಕೆ 139 ಮಿಲಿಯನ್ ಡಾಲರ್ ಕೊಡ್ತೀವಿ ಅಂದರೂ ಬ್ರೌನ್ ಒಪ್ಪಲಿಲ್ಲ. ಮೊತ್ತ ದೊಡ್ಡದು, ಆದರೆ ಅದರಲ್ಲಿ ಬಹುಪಾಲು ಕೊನೆಯ ವರ್ಷದ ಹೆಸರಿನಲ್ಲಿ ಇತ್ತು. ಕೊನೆಗೆ ಒಂದು ವರ್ಷದ ಫ್ರಾಂಚೈಸ್ ಟ್ಯಾಗ್ (ತಂಡ ಆಟಗಾರನನ್ನು ಒಂದು ವರ್ಷ ಉಳಿಸಿಕೊಳ್ಳುವ ಅವಕಾಶ) ಮೇಲೆ ಕ್ಯಾಂಪ್‌ಗೆ ತಡವಾಗಿ, ಆಗಸ್ಟ್ 1ರಂದು ಬಂದರು. ಈ ಸಲ ಅಷ್ಟು ತಲೆಬಿಸಿ ಆಗಲಿಲ್ಲ. ಒಳಗಿನ ಮೂವರು ವರ್ಷಪೂರ್ತಿ ಜೊತೆ ಆಡಿದ್ದರು.

2023ರ ಫೆಬ್ರವರಿ 12, ಅರಿಜೋನಾದ ಗ್ಲೆಂಡೇಲ್. ಎದುರಿಗೆ ಫಿಲಡೆಲ್ಫಿಯಾ. ಲೀಗ್ ಪಂದ್ಯಗಳಲ್ಲೇ 70 ಸಲ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವಿದ್ದ ತಂಡ. ಅದರಲ್ಲಿ ಹಸಾನ್ ರೆಡಿಕ್ ಒಬ್ಬರದ್ದೇ 16. ಆ ರೆಡಿಕ್ ಎದುರು ಹೆಚ್ಚಾಗಿ ನಿಲ್ಲಬೇಕಾಗಿದ್ದದ್ದು ಬಲ ಟ್ಯಾಕಲ್ ವೈಲಿ. ಟ್ಯಾಂಪಾದಲ್ಲಿ ಮಾನ ಹೋದ ಅದೇ ವೈಲಿ. 2021ರ ಕ್ಯಾಂಪ್‌ನಲ್ಲಿ ಯಾರ ಪಟ್ಟಿಯಲ್ಲೂ ಮೊದಲ ಐವರಲ್ಲಿ ಇಲ್ಲದವರು. ಮಹೋಮ್ಸ್‌ಗೆ ಅವತ್ತು ಹರಡು ನೋವು, ಓಡಿ ತಪ್ಪಿಸಿಕೊಳ್ಳುವ ಸ್ಥಿತಿ ಇರಲಿಲ್ಲ. ಫಿಲಡೆಲ್ಫಿಯಾಗೆ ಒಂದೂ ಸ್ಯಾಕ್ (ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವೋದು) ಸಿಗಲಿಲ್ಲ. 38-35ರಿಂದ ಚೀಫ್ಸ್ ಗೆದ್ದಿತು. ಅಲೆಗ್ರೆಟ್ಟಿಗೂ ಸರದಿ ಬಂತು: ಮರುವರ್ಷದ ಸೂಪರ್ ಬೌಲ್‌ನಲ್ಲಿ ಗಾಯಗೊಂಡ ಥೂನಿ ಬದಲಿಗೆ ಆಡಿ, ನಡುವೆ ಮೊಣಕೈ ನರ ಹರಿದರೂ ಪಂದ್ಯ ಮುಗಿಸಿದರು. ಬದಲಿ ಆಟಗಾರರನ್ನು ಕ್ಯಾಂಪ್‌ನಲ್ಲಿ ಯಾರೂ ಕ್ಯಾಮೆರಾ ಹಿಡಿದು ನೋಡೋದಿಲ್ಲ.

ಬ್ರೌನ್ 2023ರಲ್ಲಿ ಸಿನ್ಸಿನಾಟಿಗೆ ಹೋದರು. ಎಡ ತುದಿ ಅಂದಿನಿಂದ ಮತ್ತೆ ಅಲುಗಾಡತೊಡಗಿತು. 2024ರಲ್ಲಂತೂ ಆ ಜಾಗಕ್ಕೆ ಒಬ್ಬರಾದ ಮೇಲೆ ಒಬ್ಬರನ್ನು ನಿಲ್ಲಿಸಿ ನೋಡಿ, ಕೊನೆಗೆ ಡಿಸೆಂಬರ್‌ನಲ್ಲಿ ಗಾರ್ಡ್ ಥೂನಿಯನ್ನೇ ಎಡ ಟ್ಯಾಕಲ್ ಮಾಡಿದರು. ಹೊರಗಿನ ತೂತು ಮುಚ್ಚೋಕೆ ಒಳಗಿನ ಇಟ್ಟಿಗೆ ತೆಗೆದರು. 2025ರ ಫೆಬ್ರವರಿ 9ರಂದು ಅದೇ ಫಿಲಡೆಲ್ಫಿಯಾ ಮಹೋಮ್ಸ್‌ರನ್ನು ಆರು ಸಲ ಕೆಡವಿ 40-22ರಿಂದ ಗೆದ್ದಿತು.

ಮುಂದಿನ ತಿಂಗಳೇ ಥೂನಿಯನ್ನು ಶಿಕಾಗೊಗೆ ಕೊಟ್ಟರು. ಹಂಫ್ರಿ 2024ರಲ್ಲೇ ನಾಲ್ಕು ವರ್ಷಕ್ಕೆ 72 ಮಿಲಿಯನ್‌ಗೆ ಸಹಿ ಹಾಕಿದ್ದರು. 2025ರ ಜುಲೈನಲ್ಲಿ, ಕ್ಯಾಂಪ್‌ಗೆ ಸ್ವಲ್ಪ ಮುಂಚೆ, 226ನೇ ಆಯ್ಕೆಯ ಟ್ರೇ ಸ್ಮಿತ್‌ಗೆ ನಾಲ್ಕು ವರ್ಷಕ್ಕೆ 94 ಮಿಲಿಯನ್. ಆಗ ಲೀಗ್‌ನ ಯಾವ ಗಾರ್ಡ್‌ಗೂ ಅಷ್ಟು ವಾರ್ಷಿಕ ಸಂಬಳ ಇರಲಿಲ್ಲ. ಎಡ ಟ್ಯಾಕಲ್‌ಗೆ ಮೊದಲ ಸುತ್ತಿನ ಕೊನೆಯ ಆಯ್ಕೆಯಲ್ಲಿ ಒಹಾಯೊ ಸ್ಟೇಟ್‌ನ ಜಾಶ್ ಸಿಮನ್ಸ್ ಅವರನ್ನು ತಂದರು. ಹಿಂದಿನ ಅಕ್ಟೋಬರ್‌ನಲ್ಲಿ ಹರಿದಿದ್ದ ಮಂಡಿ ನರಕ್ಕೆ ಚಿಕಿತ್ಸೆ ಪಡೆದು ಬಂದ ರೂಕಿ. ಜುಲೈ ಕೊನೆಗೆ ಸೇಂಟ್ ಜೋಸೆಫ್‌ನಲ್ಲಿ ಎಲ್ಲರೂ ಅವರ ಮೊಣಕಾಲನ್ನೇ ನೋಡುತ್ತಿದ್ದರು.